ಹಸಿರು ದೀಪ ಬಂದ ಮೇಲಿನ ಏಳು ನಿಮಿಷ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಹೆಂಚಿನ ಮಾಡಿನ ಮೇಲೆ ಒಂದು ಜಿಪಿಎಸ್ ಆಂಟೆನಾ ಇದೆ. ಕೆಳಗೆ ನನ್ನ ಹ್ಯಾಮ್ ರೇಡಿಯೋ ಕೋಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಟ್ರಿಂಬಲ್ ಥಂಡರ್‌ಬೋಲ್ಟ್ ಇದೆ. ಜಿಪಿಎಸ್ ನೋಡಿ ತನ್ನ ಕ್ರಿಸ್ಟಲ್ಲನ್ನು ತಿದ್ದಿಕೊಳ್ಳುವ ಗಡಿಯಾರದ ಪೆಟ್ಟಿಗೆ ಅದು, ಕರಾರುವಾಕ್ಕಾದ 10 ಮೆಗಾಹರ್ಟ್ಸ್ ಕೊಡುತ್ತದೆ. ನನ್ನ ರಿಸೀವರ್, ಡಿಶ್‌ನಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಟ್ರಾನ್ಸ್‌ಮಿಟರ್ ಎಲ್ಲವೂ ಆ ಒಂದು ಗಡಿಯಾರವನ್ನೇ ಹಿಡಿದುಕೊಂಡು ನಡೆಯುತ್ತವೆ. ನಾನು ಹೆಚ್ಚಾಗಿ ಇರುವುದು ಹ್ಯಾಮ್‌ಗಳ ಮಾತನ್ನು ಮರಳಿ ಭೂಮಿಗೆ ಕಳಿಸುವ ಕ್ಯೂಒ-100 ಉಪಗ್ರಹದಲ್ಲಿ. ಅದಕ್ಕೆ ಕಳಿಸುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅದರಿಂದ ಕೇಳುವುದು 10.489 ಗಿಗಾಹರ್ಟ್ಸ್‌ನಲ್ಲಿ. ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಗಡಿಯಾರದ ಸಣ್ಣ ತಪ್ಪೂ ಕಣ್ಣಿಗೆ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಜಿಪಿಎಸ್ ಉಪಗ್ರಹಗಳು ಒಂದೊಂದಾಗಿ ಮಾಯವಾದವು. ಪೆಟ್ಟಿಗೆ ಹೋಲ್ಡೋವರ್‌ಗೆ ಹೋಯಿತು. ಅಂದರೆ ಮೇಲಿನಿಂದ ಸಿಗ್ನಲ್ ಇಲ್ಲ, ಒಳಗಿನ ಕ್ರಿಸ್ಟಲ್ ತನ್ನ ನೆನಪಿನ ಮೇಲೆಯೇ ಓಡುತ್ತಿದೆ. ಆ ಮಳೆಯಲ್ಲಿ ಮಾಡು ಹತ್ತುವ ಹಾಗಿರಲಿಲ್ಲ. ಮರುದಿನ ರಾತ್ರಿ ಮಳೆ ಸ್ವಲ್ಪ ಬಿಟ್ಟಾಗ ಟಾರ್ಚ್ ಹಿಡಿದು ಹತ್ತಿದೆ. ಕನೆಕ್ಟರ್ ಬಿಚ್ಚಿದರೆ ಒಳಗೆ ನೀರು, ತಾಮ್ರ ಹಸಿರುಗಟ್ಟಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕುವಷ್ಟರಲ್ಲಿ ಒಟ್ಟು 31 ಗಂಟೆ ಆಗಿತ್ತು.

ಆ 31 ಗಂಟೆಯೂ ನಾನು ರೇಡಿಯೋ ಬಳಸಿದ್ದೆ, ಏನೂ ವ್ಯತ್ಯಾಸ ಕಂಡಿರಲಿಲ್ಲ. ಕ್ಯೂಒ-100 ಸದಾ ಕಳಿಸುವ ಗುರುತಿನ ಸಿಗ್ನಲ್, ಅಂದರೆ ಬೀಕನ್, ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ವಾಟರ್‌ಫಾಲ್ ಪರದೆಯಲ್ಲಿ ನೆಟ್ಟಗೆ ಒಂದೇ ಗೆರೆ. ಕನೆಕ್ಟರ್ ಹಾಕಿ ಕೆಳಗೆ ಬಂದು ಕೂತೆ. ಕೆಲವೇ ನಿಮಿಷದಲ್ಲಿ ಜಿಪಿಎಸ್ ಉಪಗ್ರಹಗಳು ಬಂದವು, ಸಿಗ್ನಲ್ ಸಿಕ್ಕಿದೆ ಅನ್ನುವ ಹಸಿರು ದೀಪವೂ ಬಂತು. ಸಮಾಧಾನವಾಗಿ ಮಂಗಳೂರಿನ ಗೆಳೆಯರೊಬ್ಬರ ಜೊತೆ ಮೋರ್ಸ್‌ನಲ್ಲಿ ಮಾತಿಗೆ ಇಳಿದೆ. ಸ್ವಲ್ಪದರಲ್ಲೇ ಅವರ ಫೋನ್ ಬಂತು. "ಮಾರಾಯ್ರೇ, ನಿಮ್ಮ ಟೋನ್ ಜಾರಿತಲ್ಲ, ಎಂತ ಮಾಡಿದ್ರಿ?" ಪರದೆ ನೋಡಿದೆ. ಬೀಕನ್ನಿನ ಗೆರೆ ಸುಮಾರು 105 ಹರ್ಟ್ಸ್ ಪಕ್ಕಕ್ಕೆ ಹೋಗಿ ನಿಂತಿತ್ತು.

ಸಿಗ್ನಲ್ ಇಲ್ಲದಾಗ ಸರಿ ಇದ್ದದ್ದು, ಸಿಗ್ನಲ್ ಬಂದ ಮೇಲೆ ಯಾಕೆ ಕೆಟ್ಟಿತು? ಆ ರಾತ್ರಿ ನಾನು ಮಲಗಿದ್ದು ಬಹಳ ತಡವಾಗಿ.

ಕಾರಣ ಹೀಗಿದೆ. ಪೆಟ್ಟಿಗೆ ಎರಡು ಕೆಲಸ ಮಾಡುತ್ತದೆ. ಒಂದು, 10 ಮೆಗಾಹರ್ಟ್ಸ್ ಸರಿಯಾಗಿ ಇಡುವುದು. ಇನ್ನೊಂದು, ಸೆಕೆಂಡಿಗೆ ಒಂದರಂತೆ ಕೊಡುವ ಪಲ್ಸ್ ಅನ್ನು ಜಿಪಿಎಸ್ ಸೆಕೆಂಡಿಗೆ ಸರಿಯಾಗಿ ಕೂರಿಸುವುದು. ಹೋಲ್ಡೋವರ್‌ನಲ್ಲಿ ಫ್ರೀಕ್ವೆನ್ಸಿ ತುಂಬಾ ಚೆನ್ನಾಗಿಯೇ ಇರಬಹುದು. ಆದರೆ ಅತಿ ಸಣ್ಣ ತಪ್ಪೂ ಸೆಕೆಂಡ್ ಸೆಕೆಂಡಿಗೆ ಕೂಡುತ್ತಾ ಹೋಗುತ್ತದೆ. ಸಿಗ್ನಲ್ ಮರಳಿದಾಗ ನನ್ನ ಪಲ್ಸ್ 4 ಮೈಕ್ರೋಸೆಕೆಂಡ್ ಹಿಂದೆ ಇತ್ತು. 31 ಗಂಟೆಗೆ 4 ಮೈಕ್ರೋಸೆಕೆಂಡ್ ಅಂದರೆ ಫ್ರೀಕ್ವೆನ್ಸಿಯ ಸರಾಸರಿ ತಪ್ಪು ಹತ್ತು ಸಾವಿರ ಕೋಟಿಯಲ್ಲಿ 3.6 ಭಾಗ. ನನ್ನ ಪರದೆಯಲ್ಲಿ ಅದು ಅರ್ಧ ಹರ್ಟ್ಸ್ ಕೂಡ ಅಲ್ಲ. ಕಾಣುವುದಾದರೂ ಹೇಗೆ?

ಈಗ ಆ ಹಿಂದೆ ಬಿದ್ದ 4 ಮೈಕ್ರೋಸೆಕೆಂಡ್ ತುಂಬಬೇಕಲ್ವಾ? ಅದಕ್ಕೆ ಪೆಟ್ಟಿಗೆ ಕ್ರಿಸ್ಟಲ್ಲನ್ನು ಬೇಕೆಂದೇ ಸ್ವಲ್ಪ ಜೋರಾಗಿ ಓಡಿಸುತ್ತದೆ. ನನ್ನ ಸೆಟ್ಟಿಂಗ್‌ನಲ್ಲಿ ಅದಕ್ಕೆ 10 ಪಿಪಿಬಿ, ಅಂದರೆ ನೂರು ಕೋಟಿಗೆ 10 ಭಾಗ ಮಿತಿ ಇತ್ತು. ಆ ವೇಗದಲ್ಲಿ 4 ಮೈಕ್ರೋಸೆಕೆಂಡ್ ತುಂಬಲು 400 ಸೆಕೆಂಡ್ ಬೇಕು, ಹೆಚ್ಚುಕಡಿಮೆ ಏಳು ನಿಮಿಷ. ಆ ಏಳು ನಿಮಿಷ ನನ್ನ ಫ್ರೀಕ್ವೆನ್ಸಿ ಹೋಲ್ಡೋವರ್‌ನಲ್ಲಿ ಇದ್ದದ್ದಕ್ಕಿಂತ 280 ಪಟ್ಟು ಕೆಟ್ಟದಾಗಿತ್ತು! 10.489 ಗಿಗಾಹರ್ಟ್ಸ್‌ನಲ್ಲಿ 10 ಪಿಪಿಬಿ ಅಂದರೆ ಅದೇ 105 ಹರ್ಟ್ಸ್. ಕಳಿಸುವ 2.4 ಗಿಗಾಹರ್ಟ್ಸ್‌ನಲ್ಲಿ 24 ಹರ್ಟ್ಸ್. ಗೆಳೆಯರ ಕಿವಿಗೆ ಬಿದ್ದದ್ದು ಈ 24. ಅಂಥ ಕಿವಿ ಇರುವವರು ಸಿಕ್ಕಿದ್ದು ನನ್ನ ಅದೃಷ್ಟ.

ಏಳು ನಿಮಿಷಕ್ಕೆ ಎಲ್ಲ ಮುಗಿಯುವುದೂ ಇಲ್ಲ. ಪೆಟ್ಟಿಗೆಯೊಳಗಿನ ತಿದ್ದುವ ವ್ಯವಸ್ಥೆ, ಅಂದರೆ ಲೂಪ್, ತಪ್ಪನ್ನು ಕೂಡಿಸಿಟ್ಟುಕೊಂಡು ತಿದ್ದುತ್ತದೆ. ಒಂದು ಕಡೆಗೆ ಕೂಡಿದ ತಪ್ಪು ಕಳೆಯಬೇಕಾದರೆ ಇನ್ನೊಂದು ಕಡೆಗೂ ಸ್ವಲ್ಪ ಹೋಗಲೇಬೇಕು. ಹಾಗಾಗಿ ಪಲ್ಸ್ ಸೊನ್ನೆಯನ್ನು ದಾಟಿ, ಆಚೆ ಹೋಗಿ, ಆಮೇಲೆ ನಿಧಾನವಾಗಿ ಮರಳುತ್ತದೆ. ಈ ತೂಗಾಟ ತಡೆಯುವ ಡ್ಯಾಂಪಿಂಗ್ ಸೆಟ್ಟಿಂಗ್ ಎಷ್ಟು ಜಾಸ್ತಿ ಮಾಡಿದರೂ ಈ ದಾಟುವಿಕೆ ಪೂರ್ತಿ ಹೋಗಲಿಲ್ಲ. ಮೊದಲು ನಾನು ಇದನ್ನು ಸೆಟ್ಟಿಂಗ್‌ನ ತಪ್ಪು ಅಂದುಕೊಂಡು ಸುಮ್ನೆ ಎರಡು ಸಂಜೆ ಕಳೆದೆ.

ಇನ್ನೊಂದು ದಾರಿ ಇದೆ, ಜ್ಯಾಮ್ ಸಿಂಕ್. ಕ್ರಿಸ್ಟಲ್ಲನ್ನು ಓಡಿಸದೆ ಪಲ್ಸನ್ನೇ ಎತ್ತಿ ಸರಿಯಾದ ಜಾಗದಲ್ಲಿ ಇಡುವುದು. ಪಲ್ಸ್ ಹುಟ್ಟುವುದು 10 ಮೆಗಾಹರ್ಟ್ಸ್‌ನ ಒಂದು ಕೋಟಿ ಸುತ್ತು ಎಣಿಸಿ. ಎಣಿಕೆಯಲ್ಲಿ 40 ಸುತ್ತು ಬಿಟ್ಟರೆ ಪಲ್ಸ್ 4 ಮೈಕ್ರೋಸೆಕೆಂಡ್ ಮುಂದೆ ಬಂದು ಕೂರುತ್ತದೆ. 10 ಮೆಗಾಹರ್ಟ್ಸ್‌ಗೆ ಏನೂ ಆಗುವುದಿಲ್ಲ. ಒಂದು ಸುತ್ತು 100 ನ್ಯಾನೋಸೆಕೆಂಡ್ ಆದ್ದರಿಂದ ಹೆಚ್ಚೆಂದರೆ 50 ನ್ಯಾನೋಸೆಕೆಂಡ್ ಉಳಿಯುತ್ತದೆ. ಅದನ್ನು ಎಳೆಯಲು ಅದೇ 10 ಪಿಪಿಬಿಯಲ್ಲಿ ಐದು ಸೆಕೆಂಡ್ ಸಾಕು.

ನನಗೆ ಬೇಕಿರುವುದು ಫ್ರೀಕ್ವೆನ್ಸಿ, ಹಾಗಾಗಿ ನಾನು ಈಗ ಜ್ಯಾಮ್ ಸಿಂಕ್ ಬಳಸುತ್ತೇನೆ. ಎಲ್ಲರಿಗೂ ಇದನ್ನು ಹೇಳಲಾರೆ. ಪಲ್ಸ್ ಹಿಡಿದು ದಾಖಲೆ ಇಡುವವರಿಗೆ ಈ ನೆಗೆತವೇ ತೊಂದರೆ. ದಾಖಲೆಯಲ್ಲಿ ಒಂದು ಸೆಕೆಂಡ್ ಗಿಡ್ಡವಾಗಿ ಬರುತ್ತದೆ. ನಿಮ್ಮ ಕೆಲಸ ಎಷ್ಟು ತಪ್ಪು ತಾಳುತ್ತದೆ ಅಂತ ಮೊದಲು ನೋಡಿ. ವಿದ್ಯುತ್ ಜಾಲದ 50 ಹರ್ಟ್ಸ್‌ನಲ್ಲಿ 4 ಮೈಕ್ರೋಸೆಕೆಂಡ್ ಅಂದರೆ 0.072 ಡಿಗ್ರಿ ಮಾತ್ರ, ಅಲ್ಲಿ ನಿಧಾನವಾಗಿ ಎಳೆದುಕೊಂಡರೆ ಸಾಕು. 5ಜಿ ಟವರ್‌ಗೆ ಮಿತಿಯೇ 1.5 ಮೈಕ್ರೋಸೆಕೆಂಡ್, ಅಲ್ಲಿ 4 ಅಂದರೆ ಆಗಲೇ ಕೈ ಮೀರಿದ ಹಾಗೆ.

ಸಿಗ್ನಲ್ ಬಂದ ಕೂಡಲೇ ಅದನ್ನು ನಂಬುವುದನ್ನೂ ಬಿಟ್ಟಿದ್ದೇನೆ. 2016ರ ಜನವರಿ 26ರಂದು, ಎಸ್‌ವಿಎನ್-23 ಎಂಬ ಹಳೆಯ ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ, ಬೇರೆ ಹಲವು ಉಪಗ್ರಹಗಳು ಲೋಕದ ಗಡಿಯಾರಗಳಿಗೆ ಆಧಾರವಾದ ಯುಟಿಸಿ ಸಮಯದ ಲೆಕ್ಕವನ್ನು 13.7 ಮೈಕ್ರೋಸೆಕೆಂಡ್ ತಪ್ಪಾಗಿ ಸಾರಿದವು. ಸಿಗ್ನಲ್ ಪೂರ್ತಿ ಇತ್ತು, ಹೇಳಿದ ಮಾತು ಮಾತ್ರ ತಪ್ಪು. ಯುಟಿಸಿ ಬಿಟ್ಟು ಬರೀ ಜಿಪಿಎಸ್ ಸಮಯ ಹಿಡಿದವರಿಗೆ ಏನೂ ಆಗಲಿಲ್ಲ. ನನ್ನ ಪೆಟ್ಟಿಗೆಯ ಪಲ್ಸನ್ನೂ ಜಿಪಿಎಸ್ ಸಮಯಕ್ಕೇ ಇಟ್ಟಿದ್ದೇನೆ.

ಈಗ ನನ್ನ ಕ್ರಮ ಇಷ್ಟು. ಆಂಟೆನಾ ಸರಿಹೋದ ಕೂಡಲೇ ಕೈಯಿಂದಲೇ ಹೋಲ್ಡೋವರ್‌ನಲ್ಲಿ ಹಿಡಿದಿಡುತ್ತೇನೆ. ಕಾಲು ಗಂಟೆ ಉಪಗ್ರಹಗಳ ಸಿಗ್ನಲ್ ಬಲ ನೋಡುತ್ತೇನೆ, ಪಲ್ಸಿನ ತಪ್ಪು ಒಂದೇ ಕಡೆ ನಿಧಾನವಾಗಿ ಸರಿಯುತ್ತಿದೆಯೋ, ಎಗರಾಡುತ್ತಿದೆಯೋ ಅಂತ ನೋಡುತ್ತೇನೆ. ನಿಧಾನವಾಗಿದ್ದರೆ ಜ್ಯಾಮ್ ಸಿಂಕ್ ಕೊಟ್ಟು ಬಿಡುತ್ತೇನೆ. ಆಮೇಲೂ ಒಂದು ಗಂಟೆ ಟ್ರಾನ್ಸ್‌ಮಿಟ್ ಮಾಡುವುದಿಲ್ಲ.

ಮಳೆ ನಿಂತ ಮೇಲೆ ಬೇಕೆಂದೇ ಒಂದು ದಿನ ಕೇಬಲ್ ಬಿಚ್ಚಿಟ್ಟು ಮತ್ತೆ ಹಾಕಿ ನೋಡಿದೆ. ಜ್ಯಾಮ್ ಸಿಂಕ್ ಕೊಟ್ಟಾಗ ಬೀಕನ್ನಿನ ಗೆರೆಯಲ್ಲಿ ಕೆಲವು ಸೆಕೆಂಡಿನ ಒಂದು ಸಣ್ಣ ಗಂಟು ಕಂಡಿತು, ಅಷ್ಟೆ. ಮಾಡಿನ ಮೇಲಿನ ಕನೆಕ್ಟರ್‌ಗೆ ರಬ್ಬರ್ ಟೇಪ್ ಮೂರು ಸುತ್ತು ಬಿಗಿಯಾಗಿ ಸುತ್ತಿದ್ದೇನೆ. ನೀರು ಕೇಬಲ್ ಹಿಡಿದು ಒಳಗೆ ಬರದೆ ಕೆಳಗೆ ತೊಟ್ಟಿಕ್ಕಲಿ ಅಂತ ಗೋಡೆಗೆ ಮೊದಲೇ ಕೇಬಲ್ಲನ್ನು ಒಂದು ಬಳಸು ಇಳಿಬಿಟ್ಟಿದ್ದೇನೆ.