ಹಲ್ಲು ಬ್ಲೀಚ್ ಮಾಡಿಸುವಾಗ ಎನಾಮೆಲ್ ಉಳಿಸಿಕೊಳ್ಳುವುದು ಹೇಗೆ?

ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಅದರ ತೂಕದಲ್ಲಿ ಶೇ. 96ರಷ್ಟು ಖನಿಜವೇ, ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಎನಾಮೆಲ್‌ಗೆ ಆ ಶಕ್ತಿ ಇಲ್ಲ. ಸಣ್ಣ ಪ್ರಮಾಣದ ಖನಿಜ ನಷ್ಟವನ್ನು ಜೊಲ್ಲು ತುಂಬಿಕೊಡುತ್ತದೆ, ಅಷ್ಟೇ.

ಹಾಗೆಂದು ಬ್ಲೀಚಿಂಗ್‌ಗೆ ಹೆದರಬೇಕಿಲ್ಲ. ಜೆಲ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಎನಾಮೆಲನ್ನು ಕೆರೆದು ತೆಗೆಯುವುದಿಲ್ಲ. ಅದು ಎನಾಮೆಲ್ ದಾಟಿ ಒಳಗಿಳಿದು, ಅದರಡಿಯ ಪದರವಾದ ಡೆಂಟಿನ್‌ನಲ್ಲಿ ಕೂತ ಬಣ್ಣದ ಅಣುಗಳನ್ನು ಒಡೆಯುತ್ತದೆ. ಎನಾಮೆಲ್‌ಗೆ ಪೆಟ್ಟು ಬೀಳುವುದು ಹೆಚ್ಚಾಗಿ ಜೆಲ್ ಆಮ್ಲೀಯವಾಗಿದ್ದಾಗ, ಹೊತ್ತು ಮೀರಿ ಹಲ್ಲಿನ ಮೇಲೆ ಉಳಿದಾಗ, ಇಲ್ಲವೇ ಆಮೇಲಿನ ಎರಡು ದಿನ ಮನೆಯಲ್ಲಿ ಮಾಡುವ ತಪ್ಪುಗಳಿಂದ.

ಕುರ್ಚಿ ಏರುವ ಮುಂಚೆ

ಒಂದೆರಡು ವಾರ ಮೊದಲು ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಗಟ್ಟಿ ಕೊಳೆ ತೆಗೆಯುವುದು) ಮಾಡಿಸಿ. ಕಾಫಿ, ಟೀ, ಎಲೆ ಅಡಿಕೆಯ ಕರೆ ಬಹುಪಾಲು ಅದರಲ್ಲೇ ಹೋಗುತ್ತದೆ. ಕೆಲವರಿಗೆ ಬ್ಲೀಚಿಂಗೇ ಬೇಡವಾಗುತ್ತದೆ. ಅದೇ ದಿನ ಎರಡನ್ನೂ ಮಾಡಿಸಿದರೆ ಸ್ಕೇಲಿಂಗ್‌ನಿಂದ ಕೆರಳಿದ ವಸಡಿಗೆ ಜೆಲ್ ತಾಗಿ ಉರಿ ಹೆಚ್ಚುತ್ತದೆ.

ಹುಳುಕು, ಸೋರುವ ಫಿಲ್ಲಿಂಗ್, ಬಿರುಕು ಇದ್ದರೆ ಅವು ಮೊದಲು ಸರಿಯಾಗಬೇಕು. ವಸಡಿನ ಅಂಚಿನಲ್ಲಿ ಹಲ್ಲು ಬೆಣೆ ಆಕಾರದಲ್ಲಿ ಸವೆದಿದೆಯೇ ನೋಡಿಸಿಕೊಳ್ಳಿ. ಗಟ್ಟಿ ಬ್ರಷ್ಷಿನಲ್ಲಿ ಅಡ್ಡಡ್ಡ ಉಜ್ಜುವವರಲ್ಲಿ ಇದು ಸಾಮಾನ್ಯ. ಅಲ್ಲಿ ಎನಾಮೆಲ್ ಇರುವುದಿಲ್ಲ, ಡೆಂಟಿನ್ ತೆರೆದುಕೊಂಡಿರುತ್ತದೆ. ಜೆಲ್ ನೇರ ಒಳಗಿಳಿದರೆ ನೋವು ತಡೆಯಲಾಗದು. ಅದನ್ನು ತುಂಬಿಸಬೇಕು, ಇಲ್ಲವೇ ಅಂದು ಮುಚ್ಚಿಡಬೇಕು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದು ಒಳ್ಳೆಯದು. 18 ದಾಟದವರಿಗೆ ಬೇಡ. ಕ್ಯಾಪ್, ಹಳೆಯ ಫಿಲ್ಲಿಂಗ್ ಬಿಳಿಯಾಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಿ.

ಎರಡು ವಾರ ಮುಂಚಿನಿಂದ ಶೇ. 5 ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿದರೆ ಆಮೇಲಿನ ಜುಮ್ಮು ಕಡಿಮೆಯಾಗುತ್ತದೆ. ಇದ್ದಿಲ ಪುಡಿ, ಉಪ್ಪು, ನಿಂಬೆಸಿಪ್ಪೆ ಹಾಕಿ ಉಜ್ಜುವುದನ್ನು ಇವತ್ತೇ ಬಿಡಿ. ನಿಂಬೆರಸದ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 2ರ ಆಸುಪಾಸು. ಎನಾಮೆಲ್ ಕರಗಲು 5.5ಕ್ಕಿಂತ ಕೆಳಗಿಳಿದರೆ ಸಾಕು.

ಜೆಲ್ ವಿಚಾರದಲ್ಲಿ ಕೇಳಬೇಕಾದ್ದು

ಕ್ಲಿನಿಕ್ಕಿನಲ್ಲಿ ಬಳಸುವುದು ಸಾಮಾನ್ಯವಾಗಿ ಶೇ. 25ರಿಂದ 40ರ ಹೈಡ್ರೋಜನ್ ಪೆರಾಕ್ಸೈಡ್. ಮನೆಗೆ ಟ್ರೇ ಜೊತೆ ಕೊಡುವ ಶೇ. 10 ಕಾರ್ಬಮೈಡ್ ಪೆರಾಕ್ಸೈಡ್‌ನಿಂದ ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು ಶೇ. 3.5 ಮಾತ್ರ. ಅವಸರವಿಲ್ಲದವರಿಗೆ, ಹಲ್ಲು ಮೊದಲೇ ಜುಮ್ಮೆನ್ನುವವರಿಗೆ ಎರಡನೆಯದೇ ಮೇಲು. ಎರಡು ಮೂರು ವಾರ ಹಿಡಿಯುತ್ತದೆ, ಆದರೆ ಫಲ ಕಡಿಮೆಯಲ್ಲ.

ಶೇಕಡಾವಾರಿಗಿಂತ ಮುಖ್ಯವಾದದ್ದು ಪಿಎಚ್. ಪೆರಾಕ್ಸೈಡ್ ಆಮ್ಲೀಯ ಸ್ಥಿತಿಯಲ್ಲಿ ಹೆಚ್ಚು ದಿನ ಕೆಡದೆ ಇರುತ್ತದೆ, ಅದಕ್ಕೇ ಕೆಲವು ಜೆಲ್‌ಗಳ ಪಿಎಚ್ ಕಡಿಮೆ ಇರುತ್ತದೆ. ಎರಡು ಸಿರಿಂಜ್‌ಗಳನ್ನು ಜೋಡಿಸಿ ಬಳಸುವ ಹೊತ್ತಿಗೆ ಬೆರೆಸುವ ಜೆಲ್‌ಗಳಲ್ಲಿ ಪಿಎಚ್ ಅನ್ನು 7ರ ಸುತ್ತ ತರುವಂತೆ ಮಾಡಿರುತ್ತಾರೆ. “ಜೆಲ್ ನ್ಯೂಟ್ರಲ್ ತಾನೇ, ಈಗ ತಾನೇ ಮಿಕ್ಸ್ ಮಾಡಿದ್ದಾ, ಡಾಕ್ಟ್ರೇ?” ಎಂದು ಕೇಳಲು ಸಂಕೋಚ ಬೇಡ. ಪ್ಯಾಕಿನ ಮೇಲಿನ ಗಡುವು ದಿನಾಂಕವನ್ನೂ ನೋಡಿ. ಬ್ಯೂಟಿ ಪಾರ್ಲರಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕುರ್ಚಿಯಲ್ಲಿ

ಮೊದಲು ಶೇಡ್ ಗೈಡ್ (ಹಲ್ಲಿನ ಬಣ್ಣದ ಮಾದರಿಗಳು) ಹಿಡಿದು ಈಗಿನ ಬಣ್ಣ ಗುರುತು ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ. ಆಮೇಲೆ ತುಟಿ ಅಗಲಿಸುವ ರಿಟ್ರ್ಯಾಕ್ಟರ್, ಕಣ್ಣಿಗೆ ಕನ್ನಡಕ.

ಇನ್ನು ವಸಡಿನ ತಡೆ. ದ್ರವ ರೂಪದ ರೆಸಿನ್ನನ್ನು ವಸಡಿನ ಅಂಚಿಗೆ 3-4 ಮಿ.ಮೀ. ಅಗಲಕ್ಕೆ ಸುರಿದು, ಹಲ್ಲಿನ ಮೇಲೂ ಅರ್ಧ ಮಿ.ಮೀ.ನಷ್ಟು ಏರಿಸಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡುತ್ತಾರೆ. ವಸಡು, ಹಲ್ಲು ಒಣಗಿರದಿದ್ದರೆ ಇದು ಅಂಟುವುದಿಲ್ಲ. ಒಳ್ಳೆಯ ವೈದ್ಯರು ಗಟ್ಟಿಯಾದ ಮೇಲೆ ಕನ್ನಡಿಯನ್ನು ಹಲ್ಲಿನ ತುದಿಯ ಕಡೆಯಿಂದ ಹಿಡಿದು ನೋಡುತ್ತಾರೆ: ರೆಸಿನ್‌ಗೂ ಹಲ್ಲಿಗೂ ನಡುವೆ ಎಳೆಯಷ್ಟು ಗುಲಾಬಿ ಬಣ್ಣ ಕಂಡರೂ ಅಲ್ಲಿ ಜೆಲ್ ಸೋರುತ್ತದೆ ಎಂದೇ ಅರ್ಥ. ಎರಡು ಹಲ್ಲಿನ ನಡುವಿನ ತ್ರಿಕೋನದಲ್ಲೇ ಹೆಚ್ಚಾಗಿ ಬಿಟ್ಟುಹೋಗುವುದು.

ಜೆಲ್ 1-2 ಮಿ.ಮೀ. ದಪ್ಪ ಸಾಕು. ಒಂದೊಂದು ಸುತ್ತು ಎಷ್ಟು ನಿಮಿಷ ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ: ಹಲವಕ್ಕೆ 15 ನಿಮಿಷದ ಮೂರು ಸುತ್ತು, ಕೆಲವಕ್ಕೆ 8 ನಿಮಿಷ. ಟೈಮರ್ ಇಟ್ಟೇ ಮಾಡಬೇಕು. ಪೆರಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಹಲ್ಲಿನೊಳಗಿನ ನರದವರೆಗೆ ಮುಟ್ಟುತ್ತದೆ; “ಇನ್ನೂ ಸ್ವಲ್ಪ ಹೊತ್ತು ಬಿಡಿ” ಎಂದು ನೀವೇ ಕೇಳಿಕೊಂಡರೆ ಬಿಳುಪಿಗಿಂತ ಮೊದಲು ನೋವು ಹೆಚ್ಚುತ್ತದೆ.

ಸುತ್ತು ಮುಗಿದಾಗ ಜೆಲ್ಲನ್ನು ಮೊದಲು ಸಕ್ಷನ್‌ನಿಂದ ಹೀರಬೇಕು, ನೀರು ಆಮೇಲೆ. ಮೊದಲೇ ನೀರು ಹಾಕಿದರೆ ಜೆಲ್ ಚೆದುರಿ ತುಟಿ, ಗಂಟಲಿಗೆ ಹೋಗುತ್ತದೆ. ವಿಶೇಷ ಲೈಟಿಗೆ ಹೆಚ್ಚು ದುಡ್ಡು ಕೊಡಬೇಡಿ. ಅದರ ಬಿಸಿ ಹಲ್ಲನ್ನು ಒಣಗಿಸಿ ಆ ಕ್ಷಣಕ್ಕೆ ಬಿಳಿಯಾಗಿ ತೋರಿಸುತ್ತದೆ, ನರವನ್ನೂ ಕೆರಳಿಸುತ್ತದೆ.

ಚುಚ್ಚಿದಂತೆ ನೋವಾದರೆ, ವಸಡು ಉರಿದರೆ ಕೈ ಎತ್ತಿ, ಸಹಿಸಿಕೊಂಡು ಕೂರಬೇಡಿ. ತಡೆ ತೆಗೆದಾಗ ವಸಡಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಕಂಡರೆ ಅದು ಪೆರಾಕ್ಸೈಡ್ ತಾಗಿದ ಗುರುತು. ಸಣ್ಣದಾದರೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮಾಯುತ್ತದೆ.

ಕೊನೆಗೆ ಶೇ. 5 ಸೋಡಿಯಂ ಫ್ಲೋರೈಡ್ ವಾರ್ನಿಶ್ ಅಥವಾ ಕ್ಯಾಲ್ಸಿಯಂ-ಫಾಸ್ಫೇಟ್ ಕ್ರೀಮ್ ಹಚ್ಚಿಸಿಕೊಳ್ಳಿ. ಈ ಕ್ರೀಮ್‌ಗಳಲ್ಲಿ ಹಾಲಿನ ಪ್ರೋಟೀನ್ ಇರುವವೂ ಉಂಟು. ಹಾಲಿನ ಅಲರ್ಜಿ ಇದ್ದರೆ ಹೇಳಿಬಿಡಿ.

ಫ್ಲೋರೋಸಿಸ್ ಇರುವವರಿಗೆ

ಕೋಲಾರ, ಪಾವಗಡ, ಬಾಗೇಪಲ್ಲಿಯ ಕಡೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಪಟ್ಟೆ ಹೊರಗಿನ ಕರೆಯಲ್ಲ, ಎನಾಮೆಲ್ ಕಟ್ಟುವಾಗಲೇ ಆದ ದೋಷ. ಅಂಥ ಎನಾಮೆಲ್ ಒಳಗೆ ಸಣ್ಣ ರಂಧ್ರಗಳಿರುತ್ತವೆ. ಬರೀ ಬ್ಲೀಚ್ ಮಾಡಿದರೆ ಬಿಳಿ ಮಚ್ಚೆಗಳು ಮೊದಲ ದಿನಗಳಲ್ಲಿ ಇನ್ನೂ ಎದ್ದು ಕಾಣುತ್ತವೆ. ಇವರಿಗೆ ಮೈಕ್ರೋಅಬ್ರೇಷನ್ (ಮೇಲಿನ ತೆಳು ಪದರ ಉಜ್ಜಿ ತೆಗೆಯುವುದು) ಅಥವಾ ರೆಸಿನ್ ಇನ್‌ಫಿಲ್ಟ್ರೇಷನ್ (ಆ ರಂಧ್ರಗಳಿಗೆ ರೆಸಿನ್ ತುಂಬುವುದು) ಜೊತೆಗೂಡಿಸಿ ಯೋಜನೆ ಹಾಕಬೇಕು. “ಫ್ಲೋರೈಡಿಂದಲೇ ಹೀಗಾಗಿದ್ದು, ಮತ್ತೆ ವಾರ್ನಿಶ್ ಯಾಕೆ?” ಎಂದು ಕೇಳುವುದು ಸಹಜ. ಫ್ಲೋರೋಸಿಸ್ ಆಗುವುದು ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ, ನುಂಗಿದ ಫ್ಲೋರೈಡ್‌ನಿಂದ. ದೊಡ್ಡವರ ಹಲ್ಲಿನ ಮೇಲೆ ಹಚ್ಚಿದ್ದರಿಂದಲ್ಲ.

ಮೊದಲ 48 ಗಂಟೆ

ಜುಮ್ಮು ಹೆಚ್ಚಿರುವುದು ಇದೇ ಹೊತ್ತಿನಲ್ಲಿ. ಇಡ್ಲಿ, ತೆಂಗಿನಕಾಯಿ ಚಟ್ನಿ, ಉಪ್ಪಿಟ್ಟು, ಅರಿಶಿನವಿಲ್ಲದ ಮೊಸರನ್ನ ತಿನ್ನಿ. ಮೊಸರು ಹುಳಿಯಾದರೂ ಅದರಲ್ಲಿ ಕ್ಯಾಲ್ಸಿಯಂ ಹೇರಳ, ಎನಾಮೆಲನ್ನು ಕರಗಿಸುವುದಿಲ್ಲ. ಚಿತ್ರಾನ್ನದಲ್ಲಿ ಅರಿಶಿನವೂ ಇದೆ, ನಿಂಬೆಯೂ ಇದೆ, ಬೇಡ. ಹುಣಸೆಯ ಸಾರು, ಕಾಫಿ, ಬೀಟ್‌ರೂಟ್, ಸೋಡಾ, ಸಿಗರೇಟ್, ಅಡಿಕೆ ದೂರವಿಡಿ.

ಮೃದು ಬ್ರಷ್, ಫ್ಲೋರೈಡ್ ಪೇಸ್ಟ್, ಒತ್ತದ ಕೈ. ಹುಳಿ ಏನಾದರೂ ಬಾಯಿಗೆ ಬಿದ್ದರೆ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆ ಕಾದು ಉಜ್ಜಿ.

ಮೂರು ನಾಲ್ಕು ದಿನದ ಮೇಲೆ ಬಣ್ಣ ಸ್ವಲ್ಪ ಇಳಿದಂತೆ ಕಾಣುತ್ತದೆ. ಒಣಗಿದ್ದ ಹಲ್ಲು ಮತ್ತೆ ನೀರು ಹೀರಿಕೊಂಡದ್ದಷ್ಟೇ. ಗಾಬರಿಯಾಗಿ ಇನ್ನೊಂದು ಸುತ್ತು ಮಾಡಿಸಬೇಡಿ. ಎರಡು ವಾರ ಕಳೆದ ಮೇಲೆ ಶೇಡ್ ಮತ್ತೆ ನೋಡಿಸಿ. ಮುಂಭಾಗದ ಫಿಲ್ಲಿಂಗ್ ಬದಲಿಸುವುದಿದ್ದರೂ ಅಷ್ಟು ದಿನ ಕಾಯಿರಿ: ಹಲ್ಲಿನಲ್ಲಿ ಉಳಿದ ಆಮ್ಲಜನಕ ಹೋಗದೆ ಫಿಲ್ಲಿಂಗಿನ ರೆಸಿನ್ ಗಟ್ಟಿಯಾಗಿ ಅಂಟುವುದಿಲ್ಲ.