ಜೀಪಿನ ಮಾದರಿ: ನಕ್ಷೆಯಿಲ್ಲದ ಕಾಲದ ಅಳತೆ ಕೆಲಸ

ಚಿಕ್ಕಮಗಳೂರಿನಲ್ಲಿ ಕೂತು ಗಾಡಿಯ ಮಾದರಿ ಮಾಡುವವರಿಗೆ ಜೀಪೇ ಸರಿ. ಆಲ್ದೂರು, ಮೂಡಿಗೆರೆ ಕಡೆ ಯಾವ ಕಾಫಿ ತೋಟಕ್ಕೆ ಹೋದರೂ ಹಳೇ ಮಹೀಂದ್ರಾ ಸಿಜೆ-3ಬಿ ನಿಂತಿರುತ್ತಿತ್ತು. ಅಂಬಾಸಿಡರಿನ ಹಾಗೆ ಉಬ್ಬು ತಗ್ಗಿಲ್ಲ, ಮೈಯೆಲ್ಲ ನೇರ ತಗಡು. ನಕ್ಷೆ ಮಾತ್ರ ಸಿಗುತ್ತಿರಲಿಲ್ಲ. ಇಂಟರ್ನೆಟ್ಟಿಗೆ ಮುಂಚೆ ಅದನ್ನು ನಾವೇ ಬರೆದುಕೊಳ್ಳಬೇಕಿತ್ತು. ಕೆಲಸದ ಮುಕ್ಕಾಲು ಪಾಲು ಅದೇ.

ನಾನು ಹಿಡಿದದ್ದು 1:20, ಅಂದರೆ ಗಾಡಿಯ 20 ಮಿ.ಮೀ.ಗೆ ಮಾದರಿಯಲ್ಲಿ 1. ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ) 80 ಇಂಚು, ಅಂದರೆ 2032 ಮಿ.ಮೀ.; ಮಾದರಿಯಲ್ಲಿ 101.6. ಇದನ್ನೂ ಗಾಡಿಯ ಮೇಲೇ ಅಳೆದು ನೋಡಬೇಕು. ಸಮ ನೆಲದಲ್ಲಿ ಸ್ಟೇರಿಂಗ್ ನೇರ ಮಾಡಿ, ಚಕ್ರದ ನಡುವಿನಿಂದ ತೂಗುಗುಂಡು ಇಳಿಬಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎಡಬಲ ಎರಡೂ ಅಳೆಯಿರಿ. ಪ್ಲೇಟ್ ಸೆಟ್ಟಿನ, ಅಂದರೆ ಆಕ್ಸಲ್ ಮೇಲಿನ ಪಟ್ಟಿ ಸ್ಪ್ರಿಂಗಿನ, ಸೆಂಟರ್ ಬೋಲ್ಟ್ ಮುರಿದಿದ್ದರೆ ಆಕ್ಸಲ್ ಜರುಗಿ ಎರಡೂ ಕಡೆ ಒಂದೇ ಬರುವುದಿಲ್ಲ. ಎತ್ತರವನ್ನು ನೆಲದಿಂದ ಅಳೆಯಲೇಬೇಡಿ. ಪ್ಲೇಟ್ ಕುಸಿದಿರುತ್ತದೆ, ಟೈರಿನಲ್ಲಿ ಗಾಳಿ ಕಮ್ಮಿ ಇರುತ್ತದೆ. ಚಾಸಿಯ ಮೇಲಂಚಿನಿಂದ ಅಳೆದದ್ದು ಎಲ್ಲ ಗಾಡಿಗೂ ಹೊಂದುತ್ತದೆ. ತೋಟದ ಜೀಪಿಗೆ ಬಂಪರು, ಹಿಂದಿನ ಸೀಟು ಊರ ಗ್ಯಾರೇಜಿನಲ್ಲೇ ಮಾಡಿಸಿರುತ್ತಾರೆ, ಆದ್ದರಿಂದ ಮೂರು ಗಾಡಿಯನ್ನಾದರೂ ನೋಡಿ.

ಈ ಜೀಪಿನ ಗುರುತೇ ಬಾನೆಟ್ಟು. ಎತ್ತರದ ಹರಿಕೇನ್ ಎಂಜಿನ್ ಕೂರಿಸಲೆಂದು ಅದನ್ನು ಮೇಲಕ್ಕೆತ್ತಿದ್ದಾರೆ; ಅದರ ಅಂಚಿನ ತಿರುವು ತಪ್ಪಿದರೆ ಮಾದರಿ ಬೇರೆ ಯಾವುದೋ ಜೀಪಾಗುತ್ತದೆ. 3 ಮಿ.ಮೀ. ದಪ್ಪದ ಸೋಲ್ಡರ್ ತಂತಿಯನ್ನು ಬಾನೆಟ್ಟಿನ ಮೇಲೆ ಅಡ್ಡಕ್ಕಿಟ್ಟು ಬೆರಳಿಂದ ಒತ್ತಿ, ಹಾಗೇ ಎತ್ತಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದುಕೊಳ್ಳಿ. ಪೂರ್ತಿ ಅಗಲಕ್ಕೆ ಇಟ್ಟರೆ ಎತ್ತುವಾಗ ಜೋತುಬೀಳುತ್ತದೆ. ನಡುವಿನಿಂದ ಒಂದೇ ಪಕ್ಕ ತೆಗೆದು, ಹಾಳೆ ಮಡಿಚಿ ಇನ್ನೊಂದು ಪಕ್ಕ ಪಡೆಯುವುದು ವಾಸಿ.

ಟೇಪಿಗೆ ಸಿಗದ್ದಕ್ಕೆ ಫೋಟೋ. ಅಡಿ ಅಡಿಗೂ ಕಪ್ಪು ಬಿಳಿ ಬಳಿದ ಕೋಲನ್ನು ಗಾಡಿಯ ಮೈಗೇ ತಾಗಿಸಿ ನಿಲ್ಲಿಸಬೇಕು. ಕ್ಯಾಮೆರಾ 12 ಅಡಿ ದೂರದಲ್ಲಿದ್ದು ಕೋಲು ಮೈಯಿಂದ ಒಂದಡಿ ಈಚೆಗಿದ್ದರೆ ಅಳತೆಗಳೆಲ್ಲ ಶೇ. 8ರಷ್ಟು ಕುಗ್ಗುತ್ತವೆ, 40 ಅಡಿಗೆ ಹೋದರೆ ತಪ್ಪು ಶೇ. 2.5ಕ್ಕೆ ಇಳಿಯುತ್ತದೆ. ಹಾಗಾಗಿ ದೂರ ನಿಂತು, ಕ್ಯಾಮೆರಾವನ್ನು ಗಾಡಿಯ ನಡು ಎತ್ತರಕ್ಕೆ ಹಿಡಿದು ತೆಗೆಯಬೇಕು. ಪ್ರಿಂಟಿನಲ್ಲಿ ವೀಲ್‌ಬೇಸ್ 52 ಮಿ.ಮೀ. ಬಂದಿದೆ ಅನ್ನಿ, ಜೆರಾಕ್ಸಿನಲ್ಲಿ ಶೇ. 141ಕ್ಕೆ ಎರಡು ಸಲ, ಶೇ. 98ಕ್ಕೆ ಒಂದು ಸಲ ಹಾಕಿದರೆ 101.3 ಮಿ.ಮೀ.ಗೆ ಬರುತ್ತದೆ. ಮೊದಲ ಪ್ರತಿಯ ಮೇಲೆ 50 ಮಿ.ಮೀ. ಚೌಕ ಬರೆದಿಡಿ. ಕಾಗದ ಓಡುವ ದಿಕ್ಕಿಗೆ ಯಂತ್ರ ಎಳೆದಿದ್ದರೆ ಆ ಚೌಕವೇ ಹೇಳುತ್ತದೆ.

ಟೈರಿನ ಮೇಲಿನ ಅಂಕಿಯೂ ಅಳತೆಯೇ. 6.00-16 ಅಂದರೆ 16ಕ್ಕೆ ಎರಡು ಆರು ಸೇರಿ ಸುಮಾರು 28 ಇಂಚು, ಮಾದರಿಗೆ 35.6 ಮಿ.ಮೀ. ಎತ್ತರ, 7.6 ಅಗಲ. ಆದರೆ 16 ಅನ್ನುವುದು ಟೈರು ಕೂರುವ ಜಾಗದ ಅಳತೆ. ಫೋಟೋದಲ್ಲಿ ಕಾಣುವ ರಿಮ್ಮಿನ ಅಂಚು ಅದಕ್ಕಿಂತ ಒಂದೂಕಾಲು, ಒಂದೂವರೆ ಇಂಚು ಹೆಚ್ಚು. ಆ ಅಂಚನ್ನೇ 16 ಅಂದುಕೊಂಡು ಲೆಕ್ಕ ಹಾಕಿದರೆ ಇಡೀ ಗಾಡಿ ಚಿಕ್ಕದಾಗುತ್ತದೆ.

ಟೈರಿಗೆ ಹವಾಯಿ ಚಪ್ಪಲಿಯ ರಬ್ಬರು ಸಾಕು. ಬ್ಲೇಡು ನೀರಲ್ಲಿ ಅದ್ದಿಕೊಂಡು 40 ಮಿ.ಮೀ. ಬಿಲ್ಲೆ ಕೊಯ್ದು, ಎರಡು ವಾಷರಿನ ನಡುವೆ ಬೋಲ್ಟ್ ಬಿಗಿದು ಕೈ ಡ್ರಿಲ್ಲಿನಲ್ಲಿ ತಿರುಗಿಸುತ್ತ ಉಜ್ಜುಕಾಗದ ಹಿಡಿಯಬೇಕು. ಜೋರಾಗಿ ತಿರುಗಿಸಿದರೆ ರಬ್ಬರು ಬಿಸಿಯಾಗಿ ಜಿಗುಟಾಗುತ್ತದೆ. ಮೈಗೆ ಎಣ್ಣೆ ಡಬ್ಬಿಯ ತಗಡು. ಗ್ರಿಲ್ಲಿನ ಏಳು ಸೀಳುಗಳನ್ನು ದೊಡ್ಡ ತಗಡಿನಲ್ಲೇ ತೆಗೆದು, ಆಮೇಲೆ ಸುತ್ತ ಕತ್ತರಿಸಿ. ಮೊದಲೇ ಕತ್ತರಿಸಿದರೆ ನಡುವಿನ ಪಟ್ಟಿಗಳು ಸೊಟ್ಟಗಾಗುತ್ತವೆ. ಟಾಪಿಗೆ ಫೆವಿಕಾಲ್ ನೀರಲ್ಲಿ ಅದ್ದಿದ ಮಲ್ ಬಟ್ಟೆ.

ಬಣ್ಣವನ್ನು ಫೋಟೋ ನೋಡಿ ನಿರ್ಧರಿಸಬೇಡಿ. ಬಿಸಿಲು ಬೀಳದ ಡ್ಯಾಶ್‌ಬೋರ್ಡಿನ ಅಡಿಗೆ ಶೇಡ್ ಕಾರ್ಡು ಹಿಡಿದು ನೋಡಿ. ನಮ್ಮ ಮಳೆಗಾಲದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು ತೇವ ಹಿಡಿದು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಬಣ್ಣದ ಕೆಲಸವನ್ನು ಸುಗ್ಗಿಯ ಒಣ ಹವೆಗೇ ಇಟ್ಟುಕೊಳ್ಳಿ.