ಏಜೆಂಟ್ ಮಾಡಿದ ಕರಾರಿಗೆ ಹೊಣೆ ಯಾರು: ಒಂದು ದಾವೆ ನಡೆಸಿದ ನನ್ನ ಅನುಭವ

ಏಜೆನ್ಸಿಗೆ, ಅಂದರೆ ಒಬ್ಬನ (ಮಾಲೀಕನ) ಪರವಾಗಿ ಇನ್ನೊಬ್ಬ (ಏಜೆಂಟ್) ಹೊರಗಿನವರೊಡನೆ ವ್ಯವಹರಿಸುವುದಕ್ಕೆ, ಸಂಬಂಧಿಸಿದ ದಾವೆ ಕೈಗೆ ಬಂದಾಗ ಕಕ್ಷಿದಾರರಿಂದ ನಾನು ಮೊದಲು ಕೇಳಿ ಪಡೆಯುವುದು ಪತ್ರವ್ಯವಹಾರ, ಆರ್ಡರುಗಳು, ಬಿಲ್ಲುಗಳು ಮತ್ತು ಬ್ಯಾಂಕ್ ಖಾತೆಯ ವಿವರ. ಅಧಿಕಾರಪತ್ರದ ಸರದಿ ಆಮೇಲಿನದು. ಮಾಲೀಕನೂ ಏಜೆಂಟನೂ ತಮ್ಮೊಳಗೆ ಏನು ಬರೆದುಕೊಂಡಿದ್ದರೆಂಬುದು ಮುಖ್ಯವೇ ಆದರೂ, ಮೂರನೆಯ ಪಕ್ಷಕ್ಕೆ ವ್ಯವಹಾರದ ವೇಳೆಗೆ ಏನು ಗೊತ್ತಿತ್ತು, ಆ ನಂಬಿಕೆಯನ್ನು ಹುಟ್ಟಿಸಿದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಹೊಣೆ ಯಾರದೆಂದು ಹೇಳಲಾಗದು.

ನಾನು ನಡೆಸಿದ ಒಂದು ದಾವೆಯಲ್ಲಿ ಕಕ್ಷಿದಾರರು ಸರಕು ಪೂರೈಸಿದವರು. ಏಜೆಂಟ್ ಆರ್ಡರು ಕೊಡುತ್ತಿದ್ದ, ಮಾಲೀಕ ಹಣ ಪಾವತಿಸುತ್ತಿದ್ದ. ಕೊನೆಯ ದೊಡ್ಡ ಆರ್ಡರಿನ ಹಣ ಬರಲಿಲ್ಲ. ನೋಟಿಸಿಗೆ ಉತ್ತರವಾಗಿ ಮಾಲೀಕ ಒಂದು ಪತ್ರದ ನಕಲನ್ನು ಕಳುಹಿಸಿ, ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಖರೀದಿ ಮಾಡಕೂಡದೆಂದು ಏಜೆಂಟನಿಗೆ ಮೊದಲೇ ಸೂಚಿಸಿದ್ದಾಗಿ ತಿಳಿಸಿದ. ಪತ್ರ ನಿಜವಾದದ್ದೇ ಆಗಿತ್ತು. ಆದರೆ ಅದನ್ನು ನನ್ನ ಕಕ್ಷಿದಾರರಿಗೆ ಯಾರೂ ತೋರಿಸಿರಲಿಲ್ಲ.

ಹಳೆಯ ಬಿಲ್ಲುಗಳನ್ನು ಪಾವತಿಗಳೊಡನೆ ತಾಳೆ ನೋಡಿದಾಗ, ಆ ಮಿತಿಯನ್ನು ಮೀರಿದ ಹಲವು ಖರೀದಿಗಳಿಗೆ ಮಾಲೀಕ ತಕರಾರಿಲ್ಲದೆ ಹಣ ಕೊಟ್ಟಿದ್ದು ಕಂಡುಬಂತು. ನನ್ನ ವಾದದ ಬುನಾದಿ ಅದೇ ಆಯಿತು. 1872ರ ಭಾರತೀಯ ಕರಾರು ಅಧಿನಿಯಮದ 237ನೇ ಕಲಮಿನ ಪ್ರಕಾರ, ಏಜೆಂಟನ ಕೃತ್ಯ ಅವನ ಅಧಿಕಾರದೊಳಗೇ ಇದೆಯೆಂದು ಮೂರನೆಯವರು ನಂಬುವಂತೆ ಮಾಲೀಕನೇ ತನ್ನ ಮಾತಿನಿಂದಲೋ ನಡತೆಯಿಂದಲೋ ಮಾಡಿದ್ದರೆ, ಅಧಿಕಾರವಿಲ್ಲದೆ ಮಾಡಿದ ಕೃತ್ಯಕ್ಕೂ ಅವನು ಬದ್ಧನಾಗುತ್ತಾನೆ.

ಇಲ್ಲಿ ಕಿರಿಯ ವಕೀಲರಿಗೆ ನಾನು ಒತ್ತಿ ಹೇಳುವ ಒಂದು ಸೂಕ್ಷ್ಮವಿದೆ. ‘ನನಗೆ ಅಧಿಕಾರವಿದೆ’ ಎಂದು ಏಜೆಂಟ್ ತಾನೇ ಹೇಳಿಕೊಂಡ ಮಾತ್ರಕ್ಕೆ ಮಾಲೀಕನ ಮೇಲೆ ಹೊಣೆ ಬೀಳುವುದಿಲ್ಲ. ತೋರಿಕೆಯ ಅಧಿಕಾರದ, ಅಂದರೆ ನಿಜವಾಗಿ ಕೊಡದಿದ್ದರೂ ಇದೆಯೆಂದು ಹೊರಗಿನವರಿಗೆ ಕಾಣುವ ಅಧಿಕಾರದ, ಮೂಲ ಮಾಲೀಕನ ನಡತೆಯಲ್ಲೇ ಸಿಗಬೇಕು. 1964ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಫ್ರೀಮನ್ ಅಂಡ್ ಲಾಕಿಯರ್ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ವ್ಯವಸ್ಥಾಪಕ ನಿರ್ದೇಶಕನಾಗಿ ಎಂದೂ ನೇಮಕಗೊಳ್ಳದ ಒಬ್ಬ ನಿರ್ದೇಶಕ, ಮಂಡಳಿಗೆ ಗೊತ್ತಿದ್ದೂ ಅದು ಸುಮ್ಮನಿದ್ದುದರಿಂದ, ಅದೇ ಪದವಿಯಲ್ಲಿರುವವನಂತೆ ವ್ಯವಹರಿಸುತ್ತ ವಾಸ್ತುಶಿಲ್ಪಿಗಳನ್ನು ನೇಮಿಸಿದ್ದ. ಅವರ ಶುಲ್ಕಕ್ಕೆ ಕಂಪನಿಯೇ ಹೊಣೆಯೆಂದು ತೀರ್ಪಾಯಿತು. ನಮ್ಮ ದಾವೆಯಲ್ಲಿ ಮಂಡಳಿಯ ಮೌನದ ಸ್ಥಾನದಲ್ಲಿ ಅದಕ್ಕಿಂತ ಗಟ್ಟಿಯಾದದ್ದೊಂದಿತ್ತು: ಮಾಲೀಕನದೇ ಖಾತೆಯಿಂದ ಬಂದ ಹಣ.

ಹಾಗೆಂದು ಏಜೆಂಟನನ್ನು ಬಿಟ್ಟುಬಿಡುವುದು ಸರಿಯೆಂದು ನನಗೆ ತೋರಲಿಲ್ಲ. ಸಾಮಾನ್ಯವಾಗಿ ಮಾಲೀಕನ ಪರವಾಗಿ ಮಾಡಿದ ಕರಾರಿಗೆ ಏಜೆಂಟ್ ವೈಯಕ್ತಿಕವಾಗಿ ಬದ್ಧನಲ್ಲ ಎಂದು 230ನೇ ಕಲಮು ಹೇಳುತ್ತದೆ. ಆದರೆ ಅವನು ಮಾಲೀಕನ ಹೆಸರನ್ನು ತಿಳಿಸದಿದ್ದಲ್ಲಿ ಬದ್ಧನೆಂದೇ ಭಾವಿಸಲು ಅದೇ ಕಲಮು ಅವಕಾಶ ಕೊಡುತ್ತದೆ. ನಮ್ಮಲ್ಲಿ ಹೆಸರು ಮೊದಲಿನಿಂದಲೂ ಗೊತ್ತಿದ್ದುದರಿಂದ ಆ ದಾರಿ ಮುಚ್ಚಿತ್ತು. ಉಳಿದದ್ದು 235ನೇ ಕಲಮು: ಇಲ್ಲದ ಅಧಿಕಾರವನ್ನು ಇದೆಯೆಂದು ಹೇಳಿ ಇನ್ನೊಬ್ಬರನ್ನು ವ್ಯವಹಾರಕ್ಕೆ ಒಪ್ಪಿಸಿದವನು, ಮಾಲೀಕನೆನಿಸಿಕೊಂಡವನು ಅದನ್ನು ಅನುಮೋದಿಸದಿದ್ದರೆ, ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು.

ಮಾಲೀಕನೇ ಹೊಣೆ, ಏಜೆಂಟನೇ ಹೊಣೆ ಎಂಬ ಈ ಎರಡು ವಾದಗಳು ಒಟ್ಟಿಗೆ ಗೆಲ್ಲುವಂಥವಲ್ಲ. ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ. ಅದಕ್ಕಾಗಿಯೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 7ನೇ ನಿಯಮ, ಪರಿಹಾರ ಯಾರಿಂದ ದೊರೆಯಬೇಕೆಂಬ ಬಗ್ಗೆ ವಾದಿಗೆ ಸಂಶಯವಿದ್ದಾಗ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಪ್ರತಿವಾದಿಗಳಾಗಿ ಸೇರಿಸಲು ಅನುಮತಿ ನೀಡುತ್ತದೆ. ನಾನು ಇಬ್ಬರನ್ನೂ ಸೇರಿಸಿ, ಮಾಲೀಕನ ಮೇಲೆ ಮುಖ್ಯ ಕೋರಿಕೆಯನ್ನೂ ಏಜೆಂಟನ ಮೇಲೆ ಪರ್ಯಾಯ ಕೋರಿಕೆಯನ್ನೂ ಬರೆದೆ. ಒಬ್ಬನ ಮೇಲೆ ಮಾತ್ರ ದಾವೆ ಹೂಡಿ, ಅವನು ಇನ್ನೊಬ್ಬನತ್ತ ಕೈತೋರಿ ಪಾರಾದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸುವಷ್ಟರಲ್ಲಿ ಕಾಲಮಿತಿ ಮೀರಿಹೋಗಬಹುದು.

ದಾವೆಗೆ ಉತ್ತರವಾಗಿ ಪ್ರತಿವಾದಿಗಳ ಲಿಖಿತ ಹೇಳಿಕೆಗಳು ಬಂದಾಗ ಅವುಗಳೇ ನಮಗೆ ನೆರವಾದವು. ತನ್ನ ಮೇಲಿನ ಪರ್ಯಾಯ ಕೋರಿಕೆಯಿಂದ ಪಾರಾಗಲು ಏಜೆಂಟ್ ಹಿಂದಿನ ಖರೀದಿಗಳಿಗೆ ಮಾಲೀಕ ಕೊಟ್ಟ ಒಪ್ಪಿಗೆಯ ಸಂದೇಶಗಳನ್ನು ತಾನಾಗಿಯೇ ಹಾಜರುಪಡಿಸಿದ. ಸಾಕ್ಷ್ಯ ವಿಚಾರಣೆ ಆರಂಭವಾಗುವ ಮುನ್ನವೇ ಮಾಲೀಕ ರಾಜಿಗೆ ಒಪ್ಪಿ, ಬಾಕಿಯನ್ನು ಕಂತುಗಳಲ್ಲಿ ತೀರಿಸಿದ.

ನನ್ನ ಕಕ್ಷಿದಾರರ ವಿರುದ್ಧ ಕೆಲಸಕ್ಕೆ ಬಾರದೆಹೋದ ಮಿತಿಯ ಪತ್ರ, ಮಾಲೀಕ ಮತ್ತು ಏಜೆಂಟರ ನಡುವಿನ ಲೆಕ್ಕದಲ್ಲಿ ಮಾತ್ರ ಜೀವಂತವಾಗಿ ಉಳಿಯಿತು. ಮಾಲೀಕನ ಸೂಚನೆಯನ್ನು ಮೀರಿ ನಡೆದ ಏಜೆಂಟ್ ನಷ್ಟವನ್ನು ತುಂಬಿಕೊಡಬೇಕೆಂದು 211ನೇ ಕಲಮು ಹೇಳುತ್ತದೆ. ಆದರೆ ಅಲ್ಲಿಯೂ ಮಾಲೀಕ ಆ ಹಳೆಯ ಪಾವತಿಗಳಿಗೆ ಉತ್ತರ ಹೇಳಲೇಬೇಕಾಗಿತ್ತು.